ಒಲ್ಲದವರ ಸೀಟು

ನಮ್ಮೂರಿಂದ ಆಚೆ ಊರಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾವು ತಿರುಗಿ ಕೇಳುವುದು ಒಂದೇ, "ಯಾವತ್ತು?" ಎಂದು. ಹೋದ ಸೋಮವಾರ ನೂರ ಎಂಬತ್ತು ಮೈಲಿ ಇತ್ತು, ಮುಕ್ಕಾಲು ತಾಸಿನ ಹಾರಾಟ. ಬುಧವಾರ ಒಂದು ಮದುವೆಯ ದಿಬ್ಬಣ ಹತ್ತಿತು ನೋಡಿ, ಎಂಟುನೂರು ಮೈಲಿಯಾಯಿತು. ಹತ್ತುವಾಗ ವರನ ತಂಗಿಯ ಅಂಗೈಯಲ್ಲಿ ಹಸಿಯಾಗಿದ್ದ ಮದರಂಗಿ ಇಳಿಯುವಾಗ ಒಣಗಿ ಉದುರಿ, ಸೀಟಿನ ಕೆಳಗೆಲ್ಲ ಹಸಿರು ಪುಡಿ ಬಿದ್ದಿತ್ತು. ತಲುಪಬೇಕು ಎಂಬ ಆಸೆ ವಿಮಾನದೊಳಗೆ ಎಷ್ಟು ತುಂಬಿಕೊಳ್ಳುತ್ತದೋ ಆಚೆ ಊರು ಅಷ್ಟು ಹಿಂದಕ್ಕೆ ಸರಿಯುತ್ತದೆ. ಯಾರಿಗೂ ಹೋಗುವ ಮನಸ್ಸಿಲ್ಲದಿದ್ದರೆ ತಾನೇ ಎದುರಿಗೆ ಬಂದು ನಿಲ್ಲುತ್ತದೆ. ಬರುವಾಗಲೂ ಹಾಗೆಯೇ. ನಮ್ಮ ಅಜ್ಜಂದಿರ ಕಾಲದಿಂದಲೂ ಹೀಗೇ ನಡೆದಿದೆ.

ಅದಕ್ಕೆಂದೇ ನಮ್ಮ ವಿಮಾನ ನಿಲ್ದಾಣದ ಬಾಗಿಲಲ್ಲಿ, ಬೇವಿನ ಮರದ ಕೆಳಗೆ ಬೈಯುವ ಕಟ್ಟೆ ಎಂದು ಒಂದು ಕಟ್ಟೆ ಇದೆ. ಹೊರಟವರನ್ನು ಅಲ್ಲಿ ಕೂರಿಸಿ ಮನೆಯವರು ಅವರ ಉತ್ಸಾಹ ಇಳಿಸಬೇಕು. ತವರಿಗೆ ಹೊರಟ ಸೊಸೆಗೆ ಅತ್ತೆ, "ಅಲ್ಲಿ ನಿನ್ನ ದಾರಿ ಯಾರೂ ಕಾಯ್ತಿಲ್ಲ. ನಿಮ್ಮವ್ವ ಹೋಳಗಿ ಮಾಡಿಲ್ಲ, ನಿನ್ನಿ ಚಪಾತಿ ಇಟ್ಟಾಳ," ಎಂದು ಹೇಳಬೇಕು. ಅತ್ತೆಯಂದಿರು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಆಚೆ ಊರಿನ ನೆಂಟರೂ ತಿಳಿದವರು. "ಮನೆಯಲ್ಲಿ ಹಾಸಿಗೆ ಇಲ್ಲ, ನೀರು ಬಂದು ವಾರವಾಯಿತು, ಬಂದರೂ ಸರಿ ಬಿಟ್ಟರೂ ಸರಿ. ನಿನ್ನ ಪ್ರೀತಿಯ ಅಣ್ಣ," ಎಂದು ಕಾಗದ ಬರೆಯುತ್ತಾರೆ. ಆಚೆ ಊರಿನಲ್ಲಿ ಹಲ್ಲು ಕೀಳುವ ಡಾಕ್ಟರೊಬ್ಬರಿದ್ದಾರೆ, ಕೈ ಬಲು ಒರಟು. ಅವರ ಹತ್ತಿರ ಹೊರಟವರಿಗೆ ನಮ್ಮಲ್ಲಿ ವಿಶೇಷ ಮರ್ಯಾದೆ. ಕಿಟಕಿಯ ಸೀಟು ಕೊಟ್ಟು, ಇನ್ನೂ ಯಾರಿಗಾದರೂ ಹಲ್ಲುನೋವಿದೆಯೇ ಎಂದು ವಿಚಾರಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಮನುಷ್ಯರ ಆಸೆ ಪೂರ್ತಿ ಇಳಿಯುವುದಿಲ್ಲ. ಅದನ್ನು ಸರಿದೂಗಿಸಲು ಮುಂದಿನ ಸಾಲಿನಲ್ಲಿ ಎರಡು ಒಲ್ಲದವರ ಸೀಟುಗಳಿವೆ. ಅಲ್ಲಿ ಕೂರುವುದೊಂದು ನೌಕರಿ. ದಿನಾ ಹೋಗಬೇಕು, ದಿನಾ ಬರಬೇಕು, ಯಾವತ್ತೂ ಮನಸ್ಸಿನಿಂದ ಹೋಗಬಾರದು. ಆಚೆ ಊರಿನ ನೆಲ ಮೆಟ್ಟಬಾರದು, ಅಲ್ಲಿಯ ತಿಂಡಿ ಮುಟ್ಟಬಾರದು. ಎಲ್ಲಿ ರುಚಿ ಹತ್ತಿಬಿಡುತ್ತದೋ ಎಂಬ ಭಯ. ಎರಡು ಸೀಟಿನಲ್ಲಿ ಒಂದು ತಿಪ್ಪಣ್ಣ ಕಾಕಾನದು. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಒಂಬತ್ತಕ್ಕೆ ಒಂದು ರಟ್ಟೆಯನ್ನು ಹೆಂಡತಿ, ಇನ್ನೊಂದನ್ನು ತಮ್ಮ ಹಿಡಿದು ಅವನನ್ನು ವಿಮಾನಕ್ಕೆ ಎಳೆದು ತರುತ್ತಿದ್ದರು. ಅವನು ಕಾಲು ಊರಿ ಒದ್ದಾಡುತ್ತಿದ್ದ. "ಲಗೂನ ಒದ್ದಾಡ್ರಿ, ಒಲಿ ಮ್ಯಾಲೆ ಹಾಲಿಟ್ಟು ಬಂದೀನಿ," ಎಂದು ಅವನ ಹೆಂಡತಿ ದಿನಾ ಹೇಳುತ್ತಿದ್ದಳು.

ಇನ್ನೊಂದು ಸೀಟು ನನ್ನದು. ನನ್ನ ಹೆಸರು ನಿಂಬೆವ್ವ. ಆರನೆಯ ಇಯತ್ತೆಯಲ್ಲಿ ನಾನು ಒಂದು ದಿನವೂ ತಪ್ಪಿಸದೆ ಶಾಲೆಗೆ ಹೋದೆ. ಆದರೆ ಹಾಜರಿ ಕರೆಯುವಾಗ ನನ್ನ ಹೆಸರು ಬಂತೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಇಡೀ ವರ್ಷ ಒಮ್ಮೆಯೂ "ಇದ್ದೀನ್ರಿ" ಎನ್ನಲಾಗಲಿಲ್ಲ. ವರ್ಷದ ಕೊನೆಗೆ ಒಂದು ದಿನದ ಹಾಜರಿಯೂ ಇಲ್ಲವೆಂದು ನನ್ನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಅವ್ವ ಶಾಲೆಗೆ ಹೋಗಿ, "ದಿನಾ ಬುತ್ತಿ ಕಟ್ಟಿ ಕಳಿಸೀನಲ್ರಿ," ಎಂದು ಜಗಳ ತೆಗೆದಳು. ಮಾಸ್ತರರು ನನ್ನ ಮುಖ ನೋಡಿ, "ಮೂರನೇ ಬೆಂಚಿನ ಈ ಹುಡುಗಿ ಯಾರಂತ ನಾನೂ ವರ್ಷಪೂರ್ತಿ ವಿಚಾರ ಮಾಡೀನ್ರಿ," ಎಂದರು. ಅಲ್ಲಿಗೆ ನನ್ನ ಓದು ಮುಗಿಯಿತು. ಆಮೇಲೆ ಏಳು ವರ್ಷ ಮನೆಯ ಕಿಟಕಿಯಲ್ಲೇ ಕಳೆದೆ. ಮಾತಾಡದವರಿಗೆ ನೋಡಲು ಬಹಳ ಸಿಗುತ್ತದೆ. ಎದುರು ಮನೆಯಲ್ಲಿ ಯಾರು ಯಾರ ಚಪ್ಪಲಿ ಮೆಟ್ಟಿ ಹೋದರು ಎಂಬುದೂ ನನಗೆ ಗೊತ್ತಿರುತ್ತಿತ್ತು.

ಒಂದು ದಿನ ನಿಲ್ದಾಣದ ಮುಖ್ಯಸ್ಥರು ನಮ್ಮ ಮನೆಗೆ ಬಂದರು. ಚೆನ್ನಮಲ್ಲಪ್ಪ ಎಂದು ಅವರ ಹೆಸರು, ಊರೆಲ್ಲ ಅವರನ್ನು ವಿಮಾನ ಮಾಸ್ತರರು ಎನ್ನುತ್ತದೆ. "ತಂಗಿ, ಆಚಿ ಊರಿಗೆ ಹೋಗಿ ಬರ್ತೀಯೇನು?" ಎಂದು ನನ್ನನ್ನು ಕೇಳಿದರು. ನಾನು ಜೋಳದ ಚೀಲಗಳಿರುವ ಕೋಣೆಗೆ ಓಡಿಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಅವರು ಚಹಾ ಕುಡಿದು ಮುಗಿಸುವವರೆಗೂ ಹೊರಬರಲಿಲ್ಲ. ಅವರಿಗೆ ಆನಂದವೋ ಆನಂದ. "ಅವ್ವಾರ, ತಿಪ್ಪಣ್ಣ ಕಲಿತು ಒಲ್ಲೆ ಅಂತಾನ. ಇಕಿ ಹುಟ್ಟಾ ಒಲ್ಲದಾಕಿ. ನಾಳಿಂದ ಕಳಸ್ರಿ," ಎಂದರು.

ನಾನು ಕೂತ ಮೊದಲ ದಿನ ದೂರ ತೊಂಬತ್ತಾರು ಮೈಲಿ, ಹಾರಿದ್ದು ಇಪ್ಪತ್ತನಾಲ್ಕು ನಿಮಿಷ. ಆಚೆಯಿಂದ ಫೋನು ಬಂದೊಡನೆ ವಿಮಾನ ಮಾಸ್ತರರು ನಿಲ್ದಾಣದ ಹೊರಗಿನ ಕಪ್ಪು ಹಲಗೆಯ ಮೇಲೆ ಅದನ್ನು ಸುಣ್ಣದ ಕಡ್ಡಿಯಿಂದ ಬರೆದರು. ಆ ಹಲಗೆ ಓದದೆ ನಮ್ಮೂರಲ್ಲಿ ಯಾರೂ ಮುಂಜಾನೆಯ ಚಹಾ ಮುಗಿಸುವುದಿಲ್ಲ. ಕೆಲವರು ನಂಬದೆ ಸುಣ್ಣ ಮುಟ್ಟಿ ನೋಡಿದರಂತೆ. ತಿಪ್ಪಣ್ಣ ಕಾಕಾ ನನ್ನ ಕಡೆ ತಿರುಗಿ, "ನಿನ್ನಂಥಾಕಿನ್ನ ನೋಡಿಲ್ಲವಾ. ನಾ ಬಂದು ಕೂತರ ನನಗಷ್ಟ ಒಲ್ಲೆ ಅನಸ್ತದ, ನೀ ಬಂದು ಕೂತರ ವಿಮಾನಕ್ಕೇ ಒಲ್ಲೆ ಅನಸ್ತದ," ಎಂದ. ಅವನ ಬಾಯಿಂದ ಅದು ದೊಡ್ಡ ಹೊಗಳಿಕೆ.

ಆಚೆ ಊರಿನಲ್ಲಿ ವಿಮಾನ ಎರಡು ತಾಸು ನಿಲ್ಲುತ್ತಿತ್ತು. ಎಲ್ಲರೂ ಇಳಿದ ಮೇಲೆ ಕಾಕಾ ಮುಖದ ಮೇಲೆ ಟವೆಲು ಹಾಕಿ ಗೊರಕೆ ಹೊಡೆಯುತ್ತಿದ್ದ. ಸೆಕೆಗೆ ಬಾಗಿಲು ತೆರೆದಿಡುತ್ತಿದ್ದರು. ಬಾಗಿಲಿಗೆ ಹಚ್ಚಿದ ಮೆಟ್ಟಿಲ ಗಾಡಿಯ ತುದಿಯ ಮೆಟ್ಟಿಲ ಮೇಲೆ, ವಿಮಾನದ ನೆರಳಿನಲ್ಲಿ, ಗಾಡಿ ತಳ್ಳುವವನು ಕೂರುತ್ತಿದ್ದ. ಅವನ ಹೆಸರು ಈರಣ್ಣ. ಆ ಮೆಟ್ಟಿಲ ಮೇಲೆ ಸುಣ್ಣದಲ್ಲಿ ಚೌಕಾಬಾರಾದ ಮನೆ ಬರೆದುಕೊಂಡು, ಹುಣಸೆ ಬೀಜವನ್ನು ಒಂದು ಮಗ್ಗುಲು ತಿಕ್ಕಿ ಬೆಳ್ಳಗೆ ಮಾಡಿ, ಎರಡೂ ಕಡೆಯ ಆಟ ಒಬ್ಬನೇ ಆಡುತ್ತಿದ್ದ. ನಾನು ಮೂರು ವಾರ ಸೀಟಿನ ಸಂದಿಯಿಂದ ಅವನ ಆಟ ನೋಡಿದೆ. ಅವನು ಬಲಗಡೆಯವನ ಪರವಾಗಿ ಎಡಗಡೆಯವನಿಗೆ ಮೋಸ ಮಾಡುತ್ತಿದ್ದ. ಒಮ್ಮೆ ಮೂರು ಬಿದ್ದಾಗ ಕಾಯಿಯನ್ನು ನಾಲ್ಕು ಮನೆ ನಡೆಸಿದ. ನನಗೆ ತಡೆಯಲಾಗಲಿಲ್ಲ.

"ಮೂರು," ಎಂದೆ.

ಪರಪುರುಷನೊಬ್ಬನ ಜೊತೆ ನಾನಾಡಿದ ಮೊದಲ ಮಾತು ಅದು. ಅವನು ತಿರುಗಿ ನೋಡಿದ, ಕಾಯಿಯನ್ನು ಒಂದು ಮನೆ ಹಿಂದಕ್ಕೆ ಇಟ್ಟ, ಎಡಗಡೆಯ ಆಟ ನನ್ನ ಕಡೆ ಬರುವಂತೆ ತಾನು ಪಕ್ಕಕ್ಕೆ ಸರಿದು ಕೂತ. "ಹಂಗಾದ್ರ ಈ ಕಡಿದು ನೀನ ಆಡು," ಎಂದ.

ಮರುದಿನದಿಂದ ನಾನು ವಿಮಾನದ ಹೊಸ್ತಿಲಿನ ಒಳಗೆ ಕೂರುತ್ತಿದ್ದೆ, ಅವನು ಹೊರಗೆ ಮೆಟ್ಟಿಲ ಮೇಲೆ. ಕೈ ಮಾತ್ರ ಹೊರಗೆ ಚಾಚಿ ಕಾಯಿ ನಡೆಸುತ್ತಿದ್ದೆ. ಆಚೆ ಊರಿನ ನೆಲವನ್ನು ನಾನು ಮೆಟ್ಟಲಿಲ್ಲ, ಈ ಮಾತಿಗೆ ಯಾವ ದೇವರ ಆಣೆಯನ್ನಾದರೂ ಇಡುತ್ತೇನೆ. ಅವನೂ ಹೆಚ್ಚು ಮಾತಿನವನಲ್ಲ. "ಚೌಕ," "ಬಾರಾ," "ನಿನ್ನ ಪಾಳಿ," ಇಷ್ಟೇ. ಒಂದು ದಿನ ನಾನು ಅವನ ಕಾಯಿ ಕಡಿದಾಗ, "ನಿಂಬೆವ್ವ ಅಂತ ಹೆಸರಿಟ್ಟವರು ಹುಳಿ ನೋಡೇ ಇಟ್ಟಾರ," ಎಂದ. ನಾನು ಆ ಮಾತನ್ನು ಮನೆಗೆ ತಂದು ರೊಟ್ಟಿ ಬಡಿಯುತ್ತ ಬಡಿಯುತ್ತ ನೆನೆದು ನಕ್ಕೆ. ರೊಟ್ಟಿ ಹರಿಯಿತು.

ಅಲ್ಲಿಂದ ಹಲಗೆಯ ಮೇಲಿನ ದೂರ ಏರತೊಡಗಿತು. ನೂರಿಪ್ಪತ್ತು. ನೂರ ಅರವತ್ತು. ಇನ್ನೂರ ನಲವತ್ತು. ನಾಚಿಕೆಯವಳಿಗೆ ಇದಕ್ಕಿಂತ ಕೇಡಿನ ಊರು ಬೇರೆ ಇರಲಾರದು. ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಮಾಸ್ತರರು ದಪ್ಪ ಅಕ್ಷರದಲ್ಲಿ ಬೀದಿಗೆ ಬರೆದಿಡುತ್ತಿದ್ದರು, ಜನ ಬಶಿಯಲ್ಲಿ ಚಹಾ ಆರಿಸುತ್ತ ಓದುತ್ತಿದ್ದರು. "ಯಾರದೋ ಮನಸ್ಸು ಅಲ್ಲಿ ಸಿಕ್ಕೊಂಡದ," ಎನ್ನುತ್ತಿದ್ದರು. ನಾನು ಸೆರಗು ಹೊದ್ದು ಹಲಗೆಯ ಮುಂದೆ ಹಾಯುವಾಗ ಮೈಯೆಲ್ಲ ಸುಡುತ್ತಿತ್ತು.

ಮುನ್ನೂರು ದಾಟಿದ ದಿನ ಮಾಸ್ತರರು ಒಲ್ಲದವರಿಬ್ಬರನ್ನೂ ಕೋಣೆಗೆ ಕರೆಸಿದರು. ನನ್ನ ಕಡೆ ನೋಡಲೂ ಇಲ್ಲ. ಸೀದಾ ಕಾಕಾನನ್ನು ಹಿಡಿದುಕೊಂಡರು.

"ತಿಪ್ಪಣ್ಣ, ನಿನ್ನ ಮಗಳನ್ನ ಆಚಿ ಊರಿಗೇ ಕೊಟ್ಟೀಯಲ್ಲ?"

"ಹೌದ್ರಿ."

"ಹೋದ ತಿಂಗಳು ಅವಳಿಗೆ ಅವಳಿ ಜವಳಿ ಮಕ್ಕಳಾಗ್ಯಾವಲ್ಲ?"

"ಆಗ್ಯಾವ್ರಿ. ನಾ ಇನ್ನೂ ಮುಖ ನೋಡಿಲ್ರಿ. ನೆಲ ಮೆಟ್ಟಬಾರದಲ್ರಿ."

"ನೋಡಬೇಕು ಅನಸ್ತದಲ್ಲ?"

ಕಾಕಾ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. "ಮನ್ಯಾಗಿದ್ದಾಗ ಅನಸ್ತದ್ರಿ. ವಿಮಾನದಾಗ ಕೂತ ಮ್ಯಾಲೆ ಅನಿಸಗೊಡೂದಿಲ್ಲ. ಇಪ್ಪತ್ತೆರಡು ವರ್ಷ ಒಂದ ದಿನಾ ಮನಸ್ಸಿನಿಂದ ಹೋಗಿಲ್ರಿ ನಾ," ಎಂದ.

"ವಯಸ್ಸಾತು ತಿಪ್ಪಣ್ಣ. ಇನ್ನ ಸಾಕು ಬಿಡು," ಎಂದರು ಮಾಸ್ತರರು. "ಈ ಹುಡುಗಿನ್ನ ನೋಡಿ ಕಲಿ. ಅಲ್ಲಿ ನಿಂತಾಳೋ ಇಲ್ಲೋ, ತಿಳೀತದೇನು?"

ಕಾಕಾ ನನ್ನ ಕಡೆ ನೋಡಿದ. ನಾನು ಬಾಯಿ ತೆರೆದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಥೇಟು ಆರನೆಯ ಇಯತ್ತೆಯಲ್ಲಿ ಅಂಟಿದಂತೆಯೇ. ಮರುದಿನವೂ ಕಾಕಾ ಒಂಬತ್ತಕ್ಕೆ ನಿಲ್ದಾಣಕ್ಕೆ ಬಂದಿದ್ದ. ಬೈಯುವ ಕಟ್ಟೆಯ ತುದಿಯಲ್ಲಿ ಕೂತಿದ್ದ. ರೂಢಿಯ ಮೇಲೆ ಒಂದು ರಟ್ಟೆಯನ್ನು ಹೆಂಡತಿ, ಇನ್ನೊಂದನ್ನು ತಮ್ಮ ಹಿಡಿದುಕೊಂಡಿದ್ದರು, ಆದರೆ ಎಳೆದೊಯ್ಯಲು ಅವನಿಗೆ ಸೀಟೇ ಇರಲಿಲ್ಲ. ಅವನ ಮುಂದಿನಿಂದ ಹಾದು ನಾನು ವಿಮಾನ ಹತ್ತಿದೆ. ಅಂದು ಬಾಗಿಲು ಹಾಕಿದ್ದೇ ತಡ, ನಾನು ಕಾಕಾನನ್ನು ಮರೆತೆ, ಕಟ್ಟೆಯನ್ನೂ ಮರೆತೆ. ಹಿಂದಿನ ದಿನ ಆಟ ಅರ್ಧಕ್ಕೆ ನಿಂತಿತ್ತು. ನನ್ನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ. ಸರಿಯಾಗಿ ಒಂದು ಬಿದ್ದರೆ ಗೆದ್ದೆ, ಎರಡು ಬಿದ್ದರೂ ಕಾಯಿ ನಿಂತಲ್ಲೇ, ಆಟ ಮುಂದುವರಿಯಬೇಕು.

ವಿಮಾನ ಏರಿತು. ಒಂದು ತಾಸಾಯಿತು. ಎರಡು ತಾಸಾಯಿತು. ಮೂರನೆಯ ತಾಸಿಗೆ ಬುತ್ತಿ ಇಲ್ಲದವರು ಬುತ್ತಿ ಇದ್ದವರ ಪಕ್ಕಕ್ಕೆ ಬಂದು ಕೂತರು. ಒಬ್ಬಾಕೆ ಆಚೆ ಊರಿನಿಂದ ಬಂದು ವಾಪಸು ಹೊರಟವಳು, ಹೆಸರು ಪಾರವ್ವ, ಮಡಿಲಲ್ಲಿ ಒಂದು ಕುಂಬಳಕಾಯಿ ಇಟ್ಟುಕೊಂಡು, "ಇದು ಅಲ್ಲಿಗೆ ಹೋಗೂದರಾಗ ಬಳ್ಳಿ ಬಿಡತದ," ಎಂದಳು. ಹಲ್ಲುನೋವಿನವರಿಬ್ಬರು, ತಮ್ಮದೇನೂ ತಪ್ಪಿಲ್ಲವೆಂದು ಎಲ್ಲರಿಗೂ ಬಾಯಿ ತೆರೆದು ತೋರಿಸಿದರು. ನಾಲ್ಕೂವರೆ ತಾಸಿಗೆ ಪೈಲಟ್ ಹನೀಫ್ ಸಾಹೇಬರು ತಮ್ಮ ಕೋಣೆಯಿಂದ ಎದ್ದು ಬಂದರು. ವಿಮಾನ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತಿತ್ತು.

"ಎಣ್ಣಿ ಇರೂದು ಐದು ತಾಸಿಗೆ," ಎಂದರು ಅವರು, ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವಷ್ಟು ಶಾಂತವಾಗಿ. "ಕಿಡಕ್ಯಾಗ ಊರಿನ ಸುಳಿವಿಲ್ಲ. ಯಾರಿಗೆ ಅಲ್ಲಿಗೆ ಹೋಗೂ ಹಂಬಲ ಅದ, ದಯಮಾಡಿ ಈಗ ಬಿಟ್ಟುಬಿಡ್ರಿ."

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ತವರಿಗೆ ಹೊರಟ ಒಬ್ಬಳು, "ನಮ್ಮವ್ವನ ಮ್ಯಾಲೆ ನಂಗ ಈಗ ಏನೂ ಇಲ್ರಿ, ಬಿಟ್ಟೀನಿ," ಎಂದಳು. ಇನ್ನೊಬ್ಬ ತನ್ನ ಹೊಸ ಮನೆಯ ಆಸೆ ಬಿಟ್ಟ. ವಿಮಾನದ ಹೊರಗೆ ಬರೀ ಮೋಡ. ಪಾರವ್ವ, "ಮುಂದಿನ ಸೀಟು ಖಾಲಿ ಅದಲ್ಲ, ಆ ತಿಪ್ಪಣ್ಣನ್ನ ತಗದದ್ದೇ ತಪ್ಪಾತು. ಮೊಮ್ಮಕ್ಕಳ ಆಸೆಗೆ ಊರು ದೂರ ಮಾಡ್ದ ಅಂತ ಸುಳ್ಳೇ ಹೊರಿಸಿದ್ರು. ಅಂವ ಇಲ್ಲದಾಗ ಇನ್ನೂ ದೂರ ಆತು ನೋಡ್ರಿ," ಎಂದಳು.

ನನ್ನ ಎದೆಯೊಳಗೆ ಹುಣಸೆ ಬೀಜ ಕುಲುಕಿದಂತೆ ಸದ್ದಾಗುತ್ತಿತ್ತು. ನಾನು ಎದ್ದು ನಿಂತೆ. ಎದ್ದದ್ದು ಯಾರಿಗೂ ತಿಳಿಯಲಿಲ್ಲ. ಗಂಟಲು ಸರಿಮಾಡಿಕೊಂಡೆ. ಅದೂ ತಿಳಿಯಲಿಲ್ಲ. ಹನೀಫ್ ಸಾಹೇಬರು ನನ್ನ ತಲೆಯ ಮೇಲಿನಿಂದ ಹಿಂದಿನ ಸಾಲಿನ ಕಡೆ ನೋಡುತ್ತ, "ಇಲ್ಲಿ ಯಾರದಾರ ಅಂಥವರು?" ಎಂದು ಮತ್ತೆ ಕೇಳಿದರು.

"ಇದ್ದೀನ್ರಿ," ಎಂದೆ.

ಏಳು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು, ಬಂದಾಗ ಇಡೀ ವಿಮಾನಕ್ಕೆ ಕೇಳಿಸುವಷ್ಟು ಜೋರಾಗಿ ಬಂತು. ಮೂವತ್ತೆರಡು ಮುಖ ನನ್ನ ಕಡೆ ತಿರುಗಿದವು. "ತಿಪ್ಪಣ್ಣ ಕಾಕಾಂದೇನೂ ತಪ್ಪಿಲ್ರಿ. ನಂದ ತಪ್ಪು. ಅಲ್ಲಿ ಒಂದು ಚೌಕಾಬಾರಾದ ಆಟ ಅರ್ಧಕ್ಕ ನಿಂತದ್ರಿ. ನನ್ನ ಕಾಯಿ ಹಣ್ಣಾಗಲಿಕ್ಕೆ ಒಂದ ಮನಿ ಉಳದದ."

ಹನೀಫ್ ಸಾಹೇಬರು ಗಡ್ಡ ಕೆರೆದುಕೊಂಡರು. "ಆಟಕ್ಕ ಸಾವಿರ ಮೈಲಿ?"

ಪಾರವ್ವ ಕುಂಬಳಕಾಯಿಯ ಮೇಲಿನಿಂದ ಮುಂದಕ್ಕೆ ಬಾಗಿದಳು. "ಅಲ್ಲವಾ ತಂಗಿ, ಚೌಕಾಬಾರಾ ಒಬ್ರ ಆಡೂದಲ್ಲ. ಆ ಕಡೆ ಆಡಾವರು ಯಾರು?"

ಸುಳ್ಳು ಹೇಳುವಷ್ಟು ಮಾತು ನನಗೆ ರೂಢಿಯಿರಲಿಲ್ಲ. "ಮೆಟ್ಟಿಲ ಗಾಡಿ ಈರಣ್ಣ," ಎಂದೆ.

ಪಾರವ್ವನ ಮುಖ ದೀಪ ಹಚ್ಚಿದಂತಾಯಿತು. "ನಮ್ಮ ಈರ್ಯಾ? ನಮ್ಮಕ್ಕನ ಮಗಾ ಅಂವ. ಎರಡು ತಿಂಗಳಿಂದ ಕಿಸೇದಾಗ ಹುಣಸಿ ಬೀಜ ಹಾಕ್ಕೊಂಡು ಒಬ್ಬನ ನಗತಾನ, ಯಾಕಂತ ಮನಿ ಮಂದಿಗೆಲ್ಲಾ ಚಿಂತಿ ಹತ್ತಿತ್ತು. ತಡಿ ತಂಗಿ, ಇಳದ ಕೂಡ್ಲೆ ಮೊದಲು ಅವಂಗ ಹೇಳ್ತೀನಿ. ನಿನ್ನ ಸಲುವಾಗಿ ಒಬ್ಬಾಕಿ ಊರನ್ನ ಸಾವಿರ ಮೈಲಿ ಆಚಿಗೆ ದೂಡ್ಯಾಳ ಅಂತ ಹೇಳ್ತೀನಿ."

ಆಗ ನನಗಾದ ಹೆದರಿಕೆಯನ್ನು ಹೇಗೆ ಹೇಳಲಿ. ಆಚೆ ಊರು ಎಂಬುದು ಭೂಮಿಯ ಮೇಲಿಂದ ಅಳಿಸಿ ಹೋಗಲಿ, ಈ ವಿಮಾನ ಮೋಡದೊಳಗೇ ಮುದಿಯಾಗಲಿ, ನನ್ನ ಕೂದಲು ಇಲ್ಲೇ ನರೆಯಲಿ, ಅಲ್ಲಿಗೆ ಮಾತ್ರ ಹೋಗುವುದು ಬೇಡ ಎಂದು ಉಗುರಿನ ತುದಿಯವರೆಗೂ ಅನ್ನಿಸಿತು. ಜೋಳದ ಕೋಣೆ ನೆನಪಾಯಿತು. ಕೂರಲೆಂದು ಮೊಣಕಾಲು ಮಡಿಸಿದೆ. ಸೀಟಿಗೆ ಇನ್ನೂ ಮೈ ತಾಗಿರಲಿಲ್ಲ, ವಿಮಾನದ ಗಾಲಿ ನೆಲಕ್ಕೆ ಬಡಿದವು. ಹನೀಫ್ ಸಾಹೇಬರು ತಮ್ಮ ಕೋಣೆಗೆ ಓಡಿದರು. ಪಾರವ್ವನ ಕುಂಬಳಕಾಯಿ ಉರುಳುತ್ತ ಮುಂದಿನ ಗೋಡೆಯವರೆಗೆ ಹೋಯಿತು. ಕಿಟಕಿಯಲ್ಲಿ ಮೋಡದ ಬದಲು ಆಚೆ ಊರಿನ ನಿಲ್ದಾಣ, ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ, ನಿಂತುಕೊಂಡಿತ್ತು. ಆ ಊರಿಗೂ ಗಾಬರಿಯಾಗಿರಬೇಕು. ಅಷ್ಟು ಲಗುಬಗೆಯಿಂದ ಅದು ಹಿಂದೆಂದೂ ಬಂದಿರಲಿಲ್ಲ.

ಆಮೇಲೆ ಏನಾಯಿತೆಂದು ಮೊದಲು ಹೇಳಿಬಿಡುತ್ತೇನೆ. ಮಾಸ್ತರರು ಆ ದಿನ ಹಲಗೆಯ ಮೇಲೆ ಏನು ಬರೆಯುವುದೆಂದು ತಿಳಿಯದೆ "ಸಾವಿರದ ತೊಂಬತ್ತು ಮೈಲಿ, ಆಮೇಲೆ ಏನೂ ಇಲ್ಲ" ಎಂದು ಬರೆದರು. ತಿಪ್ಪಣ್ಣ ಕಾಕಾನ ಮನೆಗೆ ತಾವೇ ಹೋಗಿ ಕ್ಷಮೆ ಕೇಳಿದರು. ಕಾಕಾ ಬರುವುದಿಲ್ಲ ಎಂದ. ಅದನ್ನು ಕೇಳಿ ಅವರಿಗೆ ಬಹಳ ಸಂತೋಷವಾಯಿತು, ಎಳೆದುಕೊಂಡು ಬಂದರು. ಅವನು ಮೊಮ್ಮಕ್ಕಳನ್ನು ನೋಡಲು ಈಗ ವಾರಕ್ಕೊಮ್ಮೆ ಇಳಿಯಬಹುದು, ಆದರೆ ಅದು ಯಾವ ದಿನವೆಂದು ಇಳಿಯುವವರೆಗೂ ಅವನಿಗೆ ಹೇಳುವುದಿಲ್ಲ. ನನ್ನ ನೌಕರಿ ಹೋಯಿತೆಂದೇ ತಿಳಿದಿದ್ದೆ. ಮಾಸ್ತರರು, "ಹೋಗುವಾಗ ನೀ ಕೆಡಸ್ತಿ, ತಿಪ್ಪಣ್ಣ ಸರಿಮಾಡ್ತಾನ. ಬರುವಾಗ ಮಾತ್ರ ನಿನ್ನಂಥಾಕಿ ನಮಗ ಸಿಗೂದಿಲ್ಲ," ಎಂದರು. ಅವರ ಮಾತು ನಿಜ. ಬರುವಾಗ ಈಗ ಪಟ್ಟಿ ಬಿಗಿದುಕೊಳ್ಳಲೂ ಹೊತ್ತು ಸಿಗುವುದಿಲ್ಲ. ಹಲಗೆಯ ಮೇಲೆ ಈಗ ಎರಡು ದೂರ ಬರೆಯುತ್ತಾರೆ, ಹೋಗುವುದೊಂದು, ಬರುವುದೊಂದು. ಓದಿದವರು ನನ್ನ ಮುಖ ನೋಡುತ್ತಾರೆ. ನೋಡಲಿ.

ಆದರೆ ಆ ದಿನ ಪಾರವ್ವ ಹೇಳಿದಂತೆಯೇ ಮಾಡಿದಳು. ತುದಿಯ ಮೆಟ್ಟಿಲ ಮೇಲೆಯೇ ನಿಂತು ಹೇಳಿದಳು, ಕೆಳಗೆ ಇಳಿದು ಸಾಮಾನು ತೂಗುವವರಿಗೂ ಹೇಳಿದಳು. ನಾನು ಕಿಟಕಿಯ ಪರದೆ ಎಳೆದು, ಸೆರಗನ್ನು ತಲೆಯ ಮೇಲೆ ಹಾಕಿಕೊಂಡು, ಮುಖವನ್ನು ಮೊಣಕಾಲಿನ ನಡುವೆ ಇಟ್ಟುಕೊಂಡೆ. ಎಲ್ಲರ ಹೆಜ್ಜೆಯ ಸದ್ದು ಮುಗಿಯಿತು. ಸೆಕೆ ಏರಿತು. ಬಹಳ ಹೊತ್ತಿನ ಮೇಲೆ ಬಾಗಿಲ ಕಡೆಯಿಂದ ಬೀಜ ಕುಲುಕುವ ಸದ್ದು ಬಂತು. ನಿಂತಿತು. ಮತ್ತೆ ಬಂತು.

"ನಿನ್ನ ಪಾಳಿ," ಎಂದ ಈರಣ್ಣ.

ನಾನು ಹೋಗಿ ಹೊಸ್ತಿಲಲ್ಲಿ ಕೂತೆ. ಹಿಂದಿನ ದಿನದ ಆಟ ಹಾಗೆಯೇ ಇತ್ತು. ಗಾಳಿಗೆ ಕಾಯಿ ಸರಿಯದಿರಲೆಂದು ರಾತ್ರಿಯೆಲ್ಲ ಅದರ ಮೇಲೆ ಬುಟ್ಟಿ ಮುಚ್ಚಿಟ್ಟಿದ್ದನಂತೆ. ಅವನ ಕಿವಿ ಕೆಂಪಗೆ ಸುಟ್ಟ ಇಟ್ಟಿಗೆಯಂತಾಗಿತ್ತು, ನನ್ನ ಕಡೆ ನೋಡದೆ ಮೆಟ್ಟಿಲನ್ನೇ ನೋಡುತ್ತಿದ್ದ. ನಾನು ನಾಲ್ಕು ಬೀಜ ಕೈಗೆ ತೆಗೆದುಕೊಂಡು ಹಾಕಿದೆ. ಮೂರು ಕಪ್ಪು ಮೇಲೆ, ಒಂದು ಬಿಳಿ. ಒಂದು. ನನ್ನ ಕಾಯಿ ಹಣ್ಣಾಯಿತು, ಆಟ ಮುಗಿಯಿತು.

ಈರಣ್ಣ ಬಗ್ಗಿ ಬೀಜಗಳನ್ನು ನೋಡಿದ. ಬಹಳ ಹೊತ್ತು ನೋಡಿದ.

"ಎರಡು ಬಿದ್ದಾವ," ಎಂದ.

ನಾನೂ ಬಗ್ಗಿ ನೋಡಿದೆ. ನನ್ನ ಕಣ್ಣು ಯಾವತ್ತೂ ಲೆಕ್ಕ ತಪ್ಪಿದ್ದಲ್ಲ.

"ಹೂಂ," ಎಂದೆ. "ಎರಡು."